ತಾಜಬಿಯ ಸೆರಗಿನ ಗಂಟು

೮ ಜೂನ್ ೧೯೩೬, ಸೋಮವಾರ

ಪೋಸ್ಟಾಫೀಸಿನ ಪಾರ್ಸಲ್ ಕಿಟಕಿಯಲ್ಲಿ ಮೂವತ್ತೊಂದು ವರ್ಷ ಕುಳಿತವನು ನಾನು. ಬಿಚ್ಚಿ ಮತ್ತೆ ಕಟ್ಟಿದ ಗಂಟು, ಕರಗಿಸಿ ಮತ್ತೆ ಒತ್ತಿದ ಅರಗಿನ ಮುದ್ರೆ, ಎಲ್ಲ ನನ್ನ ಕಣ್ಣಿಗೆ ತಟ್ಟನೆ ಬೀಳುತ್ತವೆ. ನನಗೆ ಪೆನ್ಶನ್ ಬಂತು, ಕಣ್ಣಿಗೆ ಬರಲಿಲ್ಲ. ಇವತ್ತಿನಿಂದ ಎಲ್ಲ ಬರೆದಿಡುತ್ತೇನೆ. ಯಾರಿಗೂ ತೋರಿಸಲಿಕ್ಕಲ್ಲ. ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ ಈ ಖಾಜಾಸಾಬನಿಗೆ ಖಾಜಾಸಾಬನೇ ಸಾಕ್ಷಿ.

ಶನಿವಾರ ತಂಗಿ ಮಾಬೂಬಿಗೆ ಒಲೆಯ ಮುಂದೆಯೇ ಮೂರ್ಛೆ ಬಂತು. ಏಳನೆಯ ವಯಸ್ಸಿಗೆ ಸಿಡುಬಿನಲ್ಲಿ ಕಣ್ಣು ಹೋದವು. ಈ ಮೂರ್ಛೆ ಎರಡು ವರ್ಷದಿಂದ. ಬಲಗೈ ಮೊಣಕೈತನಕ ಸುಟ್ಟಿದೆ. ಇನ್ನೊಮ್ಮೆ ಬೆಂಕಿಯ ಹತ್ತಿರವೋ ಬಾವಿಯ ಹತ್ತಿರವೋ ಬಿದ್ದಳೆಂದರೆ ನನಗೆ ತಂಗಿ ಇಲ್ಲ. ಹೆಂಡತಿ ರೆಹಮತ್‌ಬಿ ಹೋದಮೇಲೆ ನನ್ನವಳು ಎಂದು ಉಳಿದಿರುವುದು ಇವಳೊಬ್ಬಳೇ.

ಇವತ್ತು ಟಾಂಗಾ ಮಾಡಿಕೊಂಡು ದವಾಖಾನೆಗೆ ಹೋಗಿ ಬಂದೆವು. ಡಾಕ್ಟರರು ದೊಡ್ಡ ಬಾಟಲಿ ಔಷಧ ಬರೆದುಕೊಟ್ಟರು. ಕಂಪೌಂಡರ್ ಮೈಲಾರಪ್ಪ ಬಾಟಲಿಯ ಮೈಗೆ ಕಚ್ಚು ಕಚ್ಚಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿದ. ಒಂದು ಕಚ್ಚಿಗೆ ಒಂದು ಡೋಸು, ದಿನಕ್ಕೆ ಮೂರು, ಎಂಟು ದಿನಕ್ಕೆ ಬಾಟಲಿ ಖಾಲಿ.

“ತಪ್ಪಿಸಬ್ಯಾಡ್ರಿ, ಹೆಚ್ಚಿಗೀನೂ ಕುಡಿಸಬ್ಯಾಡ್ರಿ,” ಅಂದ.

“ಪಥ್ಯ ಏನ್ರಿ?”

“ಪಥ್ಯ ಏನೂ ಇಲ್ರಿ. ದಿನಾ ಉಂಡಂಗ ಉಣ್ಣಲಿ.”

ಪಥ್ಯವಿಲ್ಲದ ಔಷಧ! ನಮ್ಮ ತಾಯಿ ಬರೀ ಕೆಮ್ಮಿಗೆ ಕಷಾಯ ಕೊಟ್ಟರೂ ಉಪ್ಪು, ಹುಳಿ, ಎಣ್ಣೆ ಮೂರನ್ನೂ ಬಂದ್ ಮಾಡುತ್ತಿದ್ದಳು. ಮೈಲಾರಪ್ಪನ ಮುಂದೆ ಇಪ್ಪತ್ತು ಜನ ಸಾಲು ನಿಂತಿದ್ದರು, ಆತನಿಗೆ ಲಗೂ ಕಳಿಸಿದರೆ ಸಾಕಾಗಿತ್ತು. ಮನೆಗೆ ಬಂದ ಕೂಡಲೇ ನಾನೇ ಹೇಳಿದೆ: ಇವತ್ತಿನಿಂದ ಮಾಬೂಬಿಗೆ ಉಪ್ಪು ಬಂದ್.

ಔಷಧ ಕೊಡುವ ಕೆಲಸ ಸೊಸೆ ತಾಜಬಿಯದು. ಆಕೆ ನವಲಗುಂದದ ಕಡೆಯವಳು, ನಮ್ಮ ಮನೆಗೆ ಬಂದು ಆರು ತಿಂಗಳಾಯಿತು. ಮಗ ಗೌಸಸಾಬ ಮೋಟಾರ್ ಸರ್ವಿಸಿನಲ್ಲಿ ಮೆಕ್ಯಾನಿಕ್. ಬಸ್ಸು ಎಲ್ಲಿ ಕೆಟ್ಟಿತೋ ಅಲ್ಲಿ ಅವನ ಸಂಸಾರ, ಮನೆ ಕಾಣುವುದು ವಾರಕ್ಕೊಮ್ಮೆ. ತಾಜಬಿಯ ಕೈ ಬಹಳ ಚುರುಕು. ಕೈ ಚುರುಕಿದ್ದವರ ಮೇಲೆ ನಾನು ಕಣ್ಣಿಟ್ಟಿರುತ್ತೇನೆ.

೧೪ ಜೂನ್, ರವಿವಾರ

ಆರು ದಿನದಿಂದ ಮೂರ್ಛೆ ಇಲ್ಲ. ಅಲ್ಲಾಹನ ಕೃಪೆ. ಆದರೆ ಒಳಗಿನ ಕೋಣೆಯಲ್ಲಿ ನಗೆ ಹೆಚ್ಚಾಗಿದೆ. ನಾನು ಹೊಸ್ತಿಲಿಗೆ ಬಂದರೆ ಇಬ್ಬರೂ ಗಪ್ಪಾಗುತ್ತಾರೆ.

ಮಧ್ಯಾಹ್ನ ಸಪ್ಪಳ ಮಾಡದೆ ಹೋಗಿ ನೋಡಿದೆ. ಔಷಧ ಹಾಕಿಕೊಳ್ಳುತ್ತಿದ್ದವಳು ತಾಜಬಿಯಲ್ಲ, ಮಾಬೂಬಿ! ಎಡಗೈಯಲ್ಲಿ ಸಣ್ಣ ಹಿತ್ತಾಳೆಯ ಬಟ್ಟಲು ಹಿಡಿದು, ಕಿರುಬೆರಳು ಒಳಗಿಟ್ಟು, ಸುಟ್ಟ ಬಲಗೈಯಿಂದ ಬಾಟಲಿ ಬಗ್ಗಿಸುತ್ತಿದ್ದಳು. ಸೊಸೆ ಪಕ್ಕದಲ್ಲಿ ಸುಮ್ಮನೆ ಕುಳಿತು ನೋಡುತ್ತಿದ್ದಳು. ಮುಂದೆ ಇನ್ನೆರಡು ಬಟ್ಟಲು, ಅವುಗಳಲ್ಲಿ ಹುಣಸೆ ಬೀಜ.

“ಇದೇನವ್ವಾ ಆಟ?”

ತಾಜಬಿ ಎದ್ದು ನಿಂತಳು. “ಲೆಕ್ಕಕ್ರಿ ಮಾವಾರ. ಒಂದ ಡೋಸ್ ಕುಡದ್ರ ಒಂದ ಬೀಜ ಈ ಬಟ್ಲದಾಗಿಂದ ಆ ಬಟ್ಲಕ್ಕ. ಮೂರೂ ಹೋದ್ವಂದ್ರ ದಿನದ್ದು ಮುಗೀತು. ಫುಪ್ಪುಗ ಕಣ್ಣಿಲ್ಲದಿದ್ರೂ ಕೈಗೆ ಹತ್ತತೈತಿ.” ಮಾವನ ತಂಗಿಯನ್ನು ಆಕೆ ಫುಪ್ಪು ಎನ್ನುತ್ತಾಳೆ.

“ಮತ್ತ ಅಳತಿ?”

“ಬಟ್ಲ ಒಯ್ದು ಮೈಲಾರಪ್ಪಗ ತೋರಿಸಿದ್ನಿರಿ. ಒಂದ ಡೋಸ್ ಅಳದ ಹಾಕಿ, ಒಳಗ ಮೊಳಿಲೆ ಗೀಟ ಹೊಡದ ಕೊಟ್ಟಾರ. ಫುಪ್ಪು ಉಗರ ಗೀಟಿಗಿ ಇಟ್ಕೋತಾರ. ಔಷಧ ಉಗರಿಗಿ ತಾಗಿದ್ರ ಸಾಕು.”

ಮಾಬೂಬಿ ಬೀಗಿದಳು. “ಒಂದ ಹನಿ ಚೆಲ್ಲಿಲ್ಲಣ್ಣಾ, ಬೇಕಾದ್ರ ನೋಡು.”

ಕೇಳಲಿಕ್ಕೆ ಛಲೋ ಇದೆ. ಆದರೆ ಕಣ್ಣಿಲ್ಲದವಳ ಕೈಗೆ ಬಾಟಲಿ ಕೊಟ್ಟು ಕಣ್ಣಿದ್ದವಳು ಸುಮ್ಮನೆ ಕುಳಿತುಕೊಳ್ಳುವುದೆಂದರೇನು? ನಾಳೆ ಹೆಚ್ಚುಕಡಿಮೆಯಾದರೆ ‘ತಾನೇ ಹಾಕಿಕೊಂಡಳು, ನನಗೇನು ಗೊತ್ತು’ ಎನ್ನಬಹುದಲ್ಲ! ನನ್ನನ್ನು ಒಂದು ಮಾತು ಕೇಳದೆ ಮೈಲಾರಪ್ಪನ ತನಕ ಹೋಗಿ ಬಂದಿದ್ದಾಳೆ, ಅದೂ ಬರೆದಿಡಬೇಕಾದ್ದೇ.

ಸಂಜೆ ಎದುರುಮನೆಯ ದಾನವ್ವ ಕಟ್ಟೆಯ ಮೇಲೆ ಕುಳಿತು, “ನಿಮ್ಮ ಸೊಸಿ ನಿಮ್ಮ ತಂಗಿ ಒಂದ ಜೀವ ಆಗ್ಯಾರ ಬಿಡ್ರಿ ಸಾಹೇಬ್ರ. ಇಂಥಾ ಸೊಸಿ ಎಲ್ಲಿ ಸಿಗತಾಳ,” ಅಂದಳು. ಹೊರಗಿನವರು ಹೊಗಳಲಿಕ್ಕೆ ಶುರು ಮಾಡಿದರೆ ನನಗೆ ನಿದ್ದೆ ಹತ್ತುವುದಿಲ್ಲ.

೧೯ ಜೂನ್, ಶುಕ್ರವಾರ

ಲಗುಬಗೆಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟ ಬಿದ್ದರೆ ಬೀಳಲಿ.

ಜುಮ್ಮಾ ನಮಾಜು ಮುಗಿಸಿ ಹಿತ್ತಿಲ ಬಾಗಿಲಿನಿಂದ ಬಂದೆ. ಅಡುಗೆಮನೆಯಲ್ಲಿ ತಾಜಬಿ ಮಾಬೂಬಿಯ ಅಂಬಲಿ ಬಟ್ಟಲು ಮುಂದಿಟ್ಟುಕೊಂಡು ನಿಂತಿದ್ದಳು. ಆಚೆ ಈಚೆ ನೋಡಿದಳು. ಸೆರಗಿನ ತುದಿಯ ಗಂಟು ಬಿಚ್ಚಿದಳು. ಅದರಲ್ಲಿದ್ದ ಬಿಳಿ ಪುಡಿ ಚಿಟಿಕೆ ತೆಗೆದು ಅಂಬಲಿಗೆ ಹಾಕಿ, ಬೆರಳಿನಿಂದಲೇ ಕದಡಿ, ಗಂಟು ಕಟ್ಟಿ, ಬಟ್ಟಲು ಎತ್ತಿಕೊಂಡು ಒಳಗೆ ಹೋದಳು. ನಾನು ಬಾಗಿಲ ಸಂದಿಯಲ್ಲಿ ಕಂಬದಂತೆ ನಿಂತುಬಿಟ್ಟೆ. ಒಳಹೋಗುವಷ್ಟರಲ್ಲಿ ಮಾಬೂಬಿ ಕುಡಿದು ಮುಗಿಸಿದ್ದಳು, ಬಟ್ಟಲಿಗೆ ನೀರು ಬಿದ್ದಿತ್ತು.

ಕೇಳಲಿಲ್ಲ. ಕೇಳಿದರೆ ಎಚ್ಚರಾಗುತ್ತಾಳೆ. ಬಿಚ್ಚಿದ ಪಾರ್ಸಲ್ ಕಂಡಾಗ ತಂದವನ ಮುಂದೆ ಮುಖ ತೋರಿಸಬಾರದು, ಇದು ನನ್ನ ಸರ್ವಿಸಿನ ಪಾಠ.

ಏನಿರಬಹುದು ಆ ಪುಡಿ? ಆರು ತಿಂಗಳಿಂದ ಮಾಬೂಬಿಯ ಕೂಡ ಒಂದೇ ತಾಟಿನಲ್ಲಿ ಉಣ್ಣುತ್ತಿರುವ ಹುಡುಗಿ. ಹೋದ ವಾರ ಗೌಸನ ಹತ್ತಿರ ‘ಫುಪ್ಪುನ ಕೋಣ್ಯಾಗ ಗಾಳಿ ಛಲೋ ಬರತೈತಿ’ ಅಂದದ್ದು ನನಗೆ ಕೇಳಿಸಿದೆ. ಗಾಳಿಗಾಗಿ ಯಾರಾದರೂ ಮನುಷ್ಯರನ್ನು ದೂರ ಮಾಡುತ್ತಾರೆಯೇ? ಮಾಡುವವರೂ ಇರಬಹುದು. ಯಾ ಅಲ್ಲಾ, ನನ್ನ ತಂಗಿಯನ್ನು ಕಾಪಾಡು.

೨೦ ಜೂನ್, ಶನಿವಾರ

ಇಂದಿನಿಂದ ಕಾರಭಾರವೆಲ್ಲ ನನ್ನ ಕೈಯಲ್ಲಿ.

ಬಾಟಲಿ ನನ್ನ ಟ್ರಂಕಿನಲ್ಲಿ. ಬೂಚಿನ ಮೇಲೆ ಅರಗು ಸುರಿದು ಉಂಗುರ ಒತ್ತಿದ್ದೇನೆ. ಗೀಟಿನ ಬಟ್ಟಲೂ ಟ್ರಂಕಿಗೆ ಹೋಯಿತು. ಹುಣಸೆ ಬೀಜ ಗಟಾರಕ್ಕೆ ಹೋದವು. ಡೋಸು ನಾನೇ ಹಾಕುತ್ತೇನೆ, ಪಟ್ಟಿಯ ಕಚ್ಚು ನೋಡಿ, ಗಡಿಯಾರ ನೋಡಿ. ಹಿತ್ತಿಲಲ್ಲಿ ಮೂರು ಕಲ್ಲು ಹೂಡಿ ಮಾಬೂಬಿಯ ನುಚ್ಚು ನಾನೇ ಬೇಯಿಸಿದೆ, ಉಪ್ಪಿಲ್ಲದೆ. ಆಕೆಯ ನೀರಿನ ಕೊಡವೂ ನನ್ನ ಮಂಚದ ಪಕ್ಕದಲ್ಲಿ.

ತಾಜಬಿ, “ನನ್ನಿಂದ ಏನ ತಪ್ಪಾತ್ರಿ ಮಾವಾರ?” ಅಂದಳು.

“ತಪ್ಪೇನಿಲ್ಲ. ನಿನಗ ಕೆಲಸ ಕಡಿಮಿ ಆತಲ್ಲ, ಆರಾಮ ಇರು.”

ಆಕೆ ಮತ್ತೇನೋ ಹೇಳಲು ಬಾಯಿ ತೆರೆದು ಮಾಬೂಬಿಯ ಕಡೆ ನೋಡಿದಳು. ಮಾಬೂಬಿ ಹೇಳಬೇಡ ಎನ್ನುವಂತೆ ಕೈ ಆಡಿಸಿದಳು. ಅದೂ ನನಗೆ ಕಂಡಿತು! ನನ್ನ ತಂಗಿಯನ್ನೇ ನನ್ನ ವಿರುದ್ಧ ತಿರುಗಿಸಿದ್ದಾಳೆ.

ಬಟ್ಟಲು ಕೊಡು ಎಂದು ಮಾಬೂಬಿ ಸಂಜೆಯವರೆಗೆ ಹಟ ಹಿಡಿದಳು. “ನಾ ಏನ ಕೂಸೇನ? ಹನ್ನೆರಡ ದಿನಾ ನಾನ ಕುಡದೇನಿ. ಒಂದರ ತಪ್ಪಿತೇನ?” ಅಂತ. ಕಾರಣ ಹೇಳಿದರೆ ಹೆದರಿಯಾಳು.

೨೪ ಜೂನ್, ಬುಧವಾರ

ಬಾಟಲಿ ತುಂಬಿಸಿಕೊಂಡು ಬರಲು ಒಬ್ಬನೇ ಹೋಗಿದ್ದೆ. ಮೈಲಾರಪ್ಪ ಕೇಳಿದ: “ಹ್ಯಾಂಗದಾರ್ರಿ ಮಾಬೂಬಿ ಅಕ್ಕಾರ?”

“ಮೂರ್ಛಿ ಇಲ್ಲ. ಚಂದ ನಿದ್ದಿ ಮಾಡತಾಳ.”

“ನಿದ್ದಿ ಹೆಚ್ಚಾದ್ರ, ನಡದಾಗ ಜೋಲಿ ಹೊಡದ್ರ, ತಡ ಮಾಡದ ಕರಕೊಂಡ ಬರ್ರಿ. ಡಾಕ್ಟರ್ ನೋಡಬೇಕಾಗತೈತಿ.”

ಕೇಳದೆ ಇದ್ದದ್ದನ್ನು ಯಾಕೆ ಹೇಳಿದ? ತಾಜಬಿ ಬಂದು ಏನಾದರೂ ಹೇಳಿ ಹೋಗಿದ್ದಾಳೋ? ನಾನು ಹೂಂ ಅಂದು ಬಂದೆ. ಮನೆಯಲ್ಲಿ ಅರಗು ಕರಗಿಸುವಾಗ ಹೆಬ್ಬೆರಳು ಸುಟ್ಟಿತು. ದಿನಕ್ಕೆ ಮೂರು ಸಲ ಕರಗಿಸಬೇಕಲ್ಲ.

೨೮ ಜೂನ್, ರವಿವಾರ

ಮಾಬೂಬಿಯ ಮುಖದ ಮೇಲೆ ಗುಳ್ಳೆ ಎದ್ದಿವೆ. ಮಾತು ಬಾಯಲ್ಲಿ ಎಲೆ ಇಟ್ಟುಕೊಂಡವರ ಹಾಗೆ ದಪ್ಪಗೆ ಬರುತ್ತಿದೆ. ನುಚ್ಚು ಅರ್ಧ ಉಂಡು ದೂಡಿದಳು, “ಮಣ್ಣ ತಿಂದಂಗ ಆಗತೈತಿ,” ಅಂದಳು. ಮುದ್ರೆ ನೋಡಿದೆ, ಸರಿಯಾಗಿದೆ. ಹಾಗಾದರೆ ವಿಷ ಬೇರೆ ದಾರಿಯಿಂದ ಬರುತ್ತಿದೆ. ತಲೆಗೆ ಹಚ್ಚುವ ಎಣ್ಣೆ ತಾಜಬಿಯ ಕೈಯಲ್ಲಿತ್ತು. ಅದನ್ನೂ ಟ್ರಂಕಿಗೆ ಹಾಕಿದೆ.

೧ ಜುಲೈ, ಬುಧವಾರ

ಈ ಮನೆಯಲ್ಲಿ ಮೂವತ್ತೈದು ವರ್ಷ ಗೋಡೆ ಮುಟ್ಟದೆ ಓಡಾಡಿದವಳು ಇವತ್ತು ಬಾಗಿಲ ಚೌಕಟ್ಟಿಗೆ ಹಣೆ ಹೊಡೆದುಕೊಂಡಳು. ಎತ್ತಿ ಕೂರಿಸಿದರೆ ನನ್ನನ್ನು “ಅವ್ವಾ” ಎಂದು ಕರೆದಳು. ನನಗೆ ಅಳು ಬಂತು.

ಗೌಸ ಬಂದಿದ್ದ. ಪುಡಿಯ ಮಾತು ಮೊದಲ ಸಲ ಅವನಿಗೆ ಹೇಳಿದೆ. ಅವನ ಮುಖ ಕೆಂಪಾಯಿತು.

“ಅಪ್ಪಾ, ಬಾಟ್ಲಿ ನಿಮ್ಮ ಕಡೆ, ಅಡಗಿ ನಿಮ್ಮ ಕಡೆ, ನೀರು ನಿಮ್ಮ ಕಡೆ, ಕಡೀಕ ಎಣ್ಣಿನೂ ನಿಮ್ಮ ಕಡೆ. ಹತ್ತ ದಿನದಿಂದ ತಾಜಬಿಗಿ ಫುಪ್ಪುನ ನೆರಳ ಮುಟ್ಟಾಕ ಬಿಟ್ಟಿಲ್ಲ. ಇನ್ನೂ ಆಕೀ ಮ್ಯಾಲ ಸಂಶಯಾನ?”

“ಹಂಗಾರ ಯಾರ ಮ್ಯಾಲ ಮಾಡ್ಲಿ?” ಅಂತ ಕೂಗಿದೆ.

ಅವನು ನನ್ನನ್ನೇ ನೋಡಿ ಎದ್ದು ಹೋದ. ಹೆಂಡತಿ ತಲೆ ತುಂಬಿದ್ದಾಳೆ, ಮತ್ತೇನು. ತಾಜಬಿಯ ತಂದೆಗೆ, ‘ನಿಮ್ಮ ಮಗಳನ್ನು ಕರೆದುಕೊಂಡು ಹೋಗಿರಿ’ ಎಂದು ಕಾಗದ ಬರೆದು ಈ ಪುಸ್ತಕದಲ್ಲೇ ಇಟ್ಟಿದ್ದೇನೆ.

೩ ಜುಲೈ, ಶುಕ್ರವಾರ

ಮಧ್ಯಾಹ್ನದ ಡೋಸಿಗೆ ಎಬ್ಬಿಸಿದರೆ ಮಾಬೂಬಿ ಏಳಲಿಲ್ಲ. ತಪ್ಪಿಸಬಾರದು ಎಂದಿದ್ದಾರಲ್ಲ. ತಲೆ ಎತ್ತಿ ಹಿಡಿದು ಬಾಯಿಗೆ ಹಾಕಿದೆ. ಗಂಟಲಿಗೆ ಸಿಕ್ಕಿತು. ಗೊರ ಗೊರ ಸದ್ದಾಯಿತು, ತುಟಿ ನೀಲಿಯಾಯಿತು.

ತಾಜಬಿ ಎಲ್ಲಿದ್ದಳೋ ಓಡಿ ಬಂದು ನನ್ನನ್ನು ಸರಿಸಿ, ಆಕೆಯನ್ನು ಮಗ್ಗುಲಿಗೆ ಹೊರಳಿಸಿ ಬೆನ್ನು ತಟ್ಟಿದಳು. ಔಷಧ ಹೊರಗೆ ಬಂತು, ಉಸಿರೂ ಬಂತು.

“ನಿದ್ದಿಗಣ್ಣಾಗ ಇದ್ದವ್ರ ಬಾಯಾಗ ಔಷಧ ಹಾಕ್ತಾರೇನ್ರಿ? ಕೊಲ್ತೀರೇನ್ರಿ ಫುಪ್ಪುನ?”

ಯಾರನ್ನು ಯಾರು ಕೇಳುವ ಮಾತು ಇದು! ಸೊಸೆ ನನ್ನ ಮೇಲೆ ಕೂಗಿದ್ದು ಇದೇ ಮೊದಲು. ಆಗಲಿ. ನಾಳೆ ಬೆಳಿಗ್ಗೆ ಡಾಕ್ಟರರ ಮುಂದೆಯೇ ಆ ಗಂಟು ಬಿಚ್ಚಿಸುತ್ತೇನೆ. ಅಲ್ಲಿ ಸುಳ್ಳು ನಡೆಯುವುದಿಲ್ಲ.

೪ ಜುಲೈ, ಶನಿವಾರ

ಬಿಚ್ಚಿಸಿದೆ.

ದವಾಖಾನೆಯಲ್ಲಿ ಮಾಬೂಬಿಯನ್ನು ಮಂಚದ ಮೇಲೆ ಮಲಗಿಸಿ ಡಾಕ್ಟರರು ಕಣ್ಣು, ಕಾಲು, ನಾಲಿಗೆ ನೋಡಿದರು. ನಾನು ತಡೆಯಲಾರದೆ, “ಸಾಹೇಬ್ರ, ಈಕಿ ನಮ್ಮ ತಂಗಿಗಿ ಏನೋ ಬಿಳೀ ಪುಡಿ ಹಾಕತಿದ್ಲು. ನಾ ಕಣ್ಣಾರೆ ನೋಡೇನಿ. ಸೆರಗಿನ ಗಂಟಿನ್ಯಾಗ ಐತಿ, ಬಿಚ್ಚಿಸ್ರಿ,” ಅಂದೆ.

ತಾಜಬಿಯ ಮುಖ ಸುಣ್ಣವಾಯಿತು. ನಾನು ನೋಡಿದ್ದೇನೆಂದು ಆಕೆಗೆ ಅದೇ ಕ್ಷಣ ಗೊತ್ತಾದದ್ದು. ಗೌಸ ಹೆಂಡತಿಗೂ ಹೇಳಿರಲಿಲ್ಲ. ಆಕೆ ಸುಮ್ಮನೆ ಗಂಟು ಬಿಚ್ಚಿ ಅಂಗೈ ಮುಂದೆ ಮಾಡಿದಳು. ಡಾಕ್ಟರರು ಚೂರು ತೆಗೆದು ನಾಲಿಗೆಗೆ ಇಟ್ಟುಕೊಂಡರು.

“ಉಪ್ಪು,” ಅಂದರು.

ಮೈಲಾರಪ್ಪ ಬಾಗಿಲಲ್ಲಿ ನಿಂತಿದ್ದ. ಆಮೇಲೆ ಡಾಕ್ಟರರು ನನ್ನ ಕಡೆ ತಿರುಗಿದರು. “ಉಪ್ಪನ್ನ ಕದ್ದ ಯಾಕ ಹಾಕಬೇಕು? ಊಟದಾಗ ಉಪ್ಪು ಇರಲಿಲ್ಲೇನು?”

“ಪಥ್ಯರಿ.”

“ಯಾರು ಹೇಳಿದ್ದು?”

ಯಾರೂ ಹೇಳಿರಲಿಲ್ಲ. “ನಾನ ಮಾಡಿಸಿದ್ದು,” ಅಂದೆ.

“ಉಪ್ಪು ಬಿಟ್ಟು ಎಷ್ಟ ದಿನ ಆತು?”

“ಇಪ್ಪತ್ತಾರು ದಿನರಿ.”

“ಅಲ್ರಿ ಡಾಕ್ಟರ್ ಸಾಹೇಬ್ರ,” ತಾಜಬಿ ನೆಲ ನೋಡುತ್ತ ಹೇಳಿದಳು, “ಹದಿನಾಲ್ಕ ದಿನ. ಮೊದಲಿನ ಹನ್ನೆರಡ ದಿನ ನಾ ಹಾಕೇನಿ. ಬಾಯಿ ಸಪ್ಪಗಾಗೇತಿ ಅಂತ ಫುಪ್ಪು ಬೇಡ್ಕೊಂಡ್ರು. ಮಾವಾರ ಸಿಟ್ಟಾಗತಾರಂತ ಹೇಳಿರಲಿಲ್ಲ. ಮತ್ತ ಸಂದು ಸಿಕ್ರ ಹಾಕೋಣಂತ ಗಂಟ ಹಂಗ ಇಟ್ಕೊಂಡಿದ್ನಿ.”

ಡಾಕ್ಟರರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಸಣ್ಣ ಮಕ್ಕಳಿಗೆ ಹೇಳುವ ಹಾಗೆ ಹೇಳಿದರು: “ಈ ಔಷಧನೂ ಒಂದ ಜಾತಿ ಉಪ್ಪ ಇದ್ದಂಗ. ಊಟದ ಉಪ್ಪು ಮೈಯಾಗ ಹೋದ್ರ ಹಳೇ ಔಷಧನ್ನ ಹೊರಗ ಹಾಕತೈತಿ. ಉಪ್ಪು ಬಿಟ್ರ ಔಷಧ ಒಳಗ ಕುಂತ ಬಿಡತೈತಿ. ದಿನಾ ಮೂರ ಡೋಸ್, ಹೊರಗ ಹೋಗಾಕ ದಾರಿ ಇಲ್ಲ. ನೀವು ಅಳತಿ ತಪ್ಪಿಲ್ಲ, ಹೊತ್ತು ತಪ್ಪಿಲ್ಲ. ಆದರೂ ವಿಷ ಆತು. ಈ ಸೊಸಿ ಹಾಕಿದ ಚಿಟಿಕಿ ಉಪ್ಪಿನಿಂದ ಆ ಹನ್ನೆರಡ ದಿನಾ ಅಕಿ ಛಲೋ ಇದ್ದಳು.”

ಮಾಬೂಬಿಯನ್ನು ಅಲ್ಲೇ ಇಟ್ಟುಕೊಂಡಿದ್ದಾರೆ. ಆ ಔಷಧ ಬಂದ್. ಉಪ್ಪಿನ ನೀರು, ಉಪ್ಪಿನ ಗಂಜಿ. ಉಳಿಯುತ್ತಾಳೆಯೇ ಎಂದು ಕೇಳಿದೆ. ಎಂಟು ದಿನ ನೋಡಬೇಕು ಅಂದರು.

ಪಾರ್ಸಲ್ ಬಿಚ್ಚಿದವನು ನಾನೇ.

೬ ಜುಲೈ, ಸೋಮವಾರ

ಮಾಬೂಬಿಗೆ ಇನ್ನೂ ಪೂರ್ತಿ ಎಚ್ಚರವಿಲ್ಲ, ಕರೆದರೆ ಅಷ್ಟೇ ಹೂಂಗುಡುತ್ತಾಳೆ. ತಾಜಬಿ ಚಮಚ ಚಮಚ ಕುಡಿಸುತ್ತಿದ್ದಾಳೆ, ಪ್ರತಿ ಸಲ ‘ಫುಪ್ಪು’ ಎಂದು ಕರೆದು, ನುಂಗುವ ತನಕ ಕಾದು. ನಾನು ವರಾಂಡದಲ್ಲಿ ಕುಳಿತಿದ್ದೆ.

೧೧ ಜುಲೈ, ಶನಿವಾರ

ಇವತ್ತು ಮಾಬೂಬಿ ನನ್ನ ಕೆಮ್ಮು ಗುರುತಿಸಿದಳು. “ಅಣ್ಣಾ, ಹೊರಗ್ಯಾಕ ಕುಂತಿ, ಒಳಗ ಬಾ.”

ಹೋಗಿ ಮಂಚದ ಪಕ್ಕ ಕುಳಿತೆ. ಕೈ ಹಿಡಿದುಕೊಂಡು ಅತ್ತುಬಿಟ್ಟೆ, ನರ್ಸಬಾಯಿ ಇದ್ದಾಳೆಂಬ ಖಬರೂ ಇಲ್ಲದೆ.

“ನಿನಗ ಹೇಳಿದ್ರ ನೀ ಉಪ್ಪ ತಿನ್ನಾಕ ಬಿಡತಿದ್ದಿಲ್ಲ,” ಅಂದಳು ಮಾಬೂಬಿ. “ಅದಕ್ಕ ಕದ್ದ ತಿಂದೆ. ನೀ ಬಟ್ಲ ಕಸಗೊಂಡ ದಿನ ನನಗ ಕಣ್ಣ ಮತ್ತೊಮ್ಮೆ ಹೋದಂಗ ಆತು.”

ಸುಳ್ಳು ಹೇಳುವುದಿಲ್ಲ, ಈ ಮಾತಿಗೆ ಸ್ವಲ್ಪ ಸಿಟ್ಟೂ ಬಂತು. ಕಾಪಾಡಲಿಕ್ಕೇ ಅಲ್ಲವೇ ನಾನು ಕಸಿದುಕೊಂಡದ್ದು? ಆಮೇಲೆ ಅದೂ ಇಳಿಯಿತು.

೧೮ ಜುಲೈ, ಶನಿವಾರ

ಮನೆಗೆ ಬಂದೆವು. ಹೊಸ ಬಾಟಲಿ, ಡೋಸು ಮೊದಲಿನ ಅರ್ಧ, ದಿನಕ್ಕೆ ಎರಡೇ ಸಲ. ಹದಿನೈದು ದಿನಕ್ಕೊಮ್ಮೆ ಆಕೆಯನ್ನೇ ಕರೆದುಕೊಂಡು ಹೋಗಿ ತೋರಿಸಬೇಕು, ಬರೀ ಬಾಟಲಿಯನ್ನಲ್ಲ.

“ಯಾರ ಕೊಡೋರು?” ಎಂದು ದವಾಖಾನೆಯಿಂದ ಬಿಡುವ ಮೊದಲು ಡಾಕ್ಟರರು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮಾಬೂಬಿ, “ನಾನ ತಗೋತೇನ್ರಿ, ತಾಜಬಿ ನೋಡತಾಳ,” ಅಂದಳು. ನೀರು ಹಾಕಿ ತೋರಿಸು ಅಂದರು. ಬಟ್ಟಲು ಬೇಕಿತ್ತು. ಅದು ನನ್ನ ಟ್ರಂಕಿನಲ್ಲಿ! ಮಧ್ಯಾಹ್ನದ ಬಿಸಿಲಲ್ಲಿ ಹಳೇ ಹುಬ್ಬಳ್ಳಿಯ ಮನೆಗೆ ಬಂದು ತೆಗೆದುಕೊಂಡು ಮತ್ತೆ ದವಾಖಾನೆಗೆ ಓಡಿದೆ. ಮೈಲಾರಪ್ಪ ಅರ್ಧಕ್ಕೆ ಹೊಸ ಗೀಟು ಹೊಡೆದು, ಉಗುರಿಗೆ ಗೊಂದಲವಾಗಬಾರದೆಂದು ಹಳೆಯ ಗೀಟನ್ನು ಉಜ್ಜಿ ತೆಗೆದ. ಮಾಬೂಬಿ ಐದು ಸಲ ನೀರು ಹಾಕಿದಳು, ಐದೂ ಸಲ ಸರಿ ಬಂತು. ಮೈಲಾರಪ್ಪ ಔನ್ಸ್ ಗ್ಲಾಸಿನಲ್ಲಿ ಅಳೆದು ನೋಡಿ ತಲೆಯಾಡಿಸಿದ.

ಬರುವಾಗ ಬಜಾರಿನಲ್ಲಿ ಹುಣಸೆಹಣ್ಣು ಕೊಂಡೆ. ಎರಡು ಬೀಜ ಆರಿಸಿ ತೊಳೆದು ಒರೆಸಿ ಬಟ್ಟಲಿಗೆ ಹಾಕಿದೆ. ತಾಜಬಿಯ ತಂದೆಗೆ ಬರೆದಿದ್ದ ಕಾಗದವನ್ನು ಒಲೆಗೆ ಹಾಕಿದೆ. ಅರಗಿನ ಕಡ್ಡಿ ಉಳಿದಿದೆ, ಯಾರಿಗೆ ಬೇಕೋ ಒಯ್ಯಲಿ.

೨ ಆಗಸ್ಟ್, ರವಿವಾರ

ಹದಿನೈದು ದಿನವಾಯಿತು. ಒಂದು ಸಲ ಸಣ್ಣಗೆ ಕೈ ನಡುಗಿ ನಿಂತಿತು, ಅಷ್ಟೇ. ಡಾಕ್ಟರರಿಗೆ ಹೇಳಿದ್ದೇವೆ. ಮಾಬೂಬಿ ಮತ್ತೆ ಗೋಡೆ ಮುಟ್ಟದೆ ಓಡಾಡುತ್ತಾಳೆ. ಒಲೆಯ ಹತ್ತಿರ ಮಾತ್ರ ಒಬ್ಬಳೇ ಹೋಗುವುದಿಲ್ಲ, ಅದು ಮೂವರೂ ಕೂಡಿ ಮಾಡಿದ ಕಾಯ್ದೆ.

ಸಂಜೆಯ ಡೋಸಿನ ಹೊತ್ತಿಗೆ ನಾನು ಹೊರಗಿನ ಕಟ್ಟೆಯ ಮೇಲೆ ಕುಳಿತಿರುತ್ತೇನೆ. ಒಳಗೆ ಹೋಗಿ ನೋಡಬೇಕೆಂದು ಕಾಲು ಚಡಪಡಿಸುತ್ತವೆ. ಬಟ್ಟಲಿಗೆ ಬೀಜ ಟಣ್ಣೆಂದು ಬೀಳುವ ತನಕ ಉಸಿರು ಹಿಡಿದಿರುತ್ತೇನೆ. ಬಿದ್ದಮೇಲೆ ದಾನವ್ವನ ಕೂಡ ಏನಾದರೂ ಹರಟೆ ಹೊಡೆಯುತ್ತೇನೆ.

ಒಂದು ವಿಷಯ ಮಾತ್ರ ಬರೆಯಬೇಕೋ ಬೇಡವೋ ಎಂದು ಇಷ್ಟು ದಿನ ಬಿಟ್ಟಿದ್ದೆ. ದವಾಖಾನೆಯಿಂದ ಬಂದ ದಿನದಿಂದ ತಾಜಬಿ ದಿನಾ ಊಟಕ್ಕೆ ನೀಡುವ ಮೊದಲು ನನ್ನ ಮುಂದೆ ಬಂದು ನಿಲ್ಲುತ್ತಾಳೆ. ಸೆರಗಿನ ತುದಿ ಬಿಡಿಸಿ ತೋರಿಸುತ್ತಾಳೆ, ಎರಡೂ ಅಂಗೈ ತಿರುಗಿಸಿ ತೋರಿಸುತ್ತಾಳೆ. ಸಿಟ್ಟಿಲ್ಲ, ಕೊಂಕಿಲ್ಲ, ಮುಖದಲ್ಲಿ ಏನೂ ಇಲ್ಲ. ಬೇಡವ್ವಾ ಎಂದು ಎಷ್ಟು ಸಲ ಹೇಳಿದರೂ, “ಇರ್ಲಿ ಮಾವಾರ, ನೋಡಿಬಿಡ್ರಿ,” ಎನ್ನುತ್ತಾಳೆ.

ಇವತ್ತೂ ಬಂದಳು. ಬಳೆ ಸದ್ದಾದ ಕೂಡಲೇ ನಾನು ಕಣ್ಣು ಮುಚ್ಚಿಕೊಂಡೆ.

“ಯಾಕ್ರಿ, ಕಣ್ಣ ಮುಚ್ಚಿದ್ರಿ?”

“ನೀಡವ್ವಾ ಮಗಳ, ಹಸಿವಾಗೇತಿ,” ಅಂದೆ.

ಆಕೆ ಸೆರಗು ಬಿಡಿಸಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ಆಮೇಲೆ ಅಂಬಲಿಯ ಬಟ್ಟಲು ನನ್ನ ಕೈಗೆ ತಾಗಿತು. ಕಣ್ಣು ತೆರೆಯದೆಯೇ ಕುಡಿದೆ. ಉಪ್ಪು ಹದವಾಗಿತ್ತು.